ಬ್ರಾಕೆಟ್‌ನಲ್ಲಿರುವ ಅಂಕಿ ಎಲ್ಲಿಂದ ಬಂತು? ಮಾರ್ಚ್ ಮ್ಯಾಡ್ನೆಸ್ ಓದುವ ಬಗೆ

ಮಾರ್ಚ್ ಮಧ್ಯದಲ್ಲಿ ಅಮೆರಿಕದ ಆಫೀಸುಗಳಲ್ಲಿ ಒಂದು ಹಾಳೆ ಕೈಯಿಂದ ಕೈಗೆ ಓಡಾಡುತ್ತದೆ. ಅಲ್ಲಿ ಕೆಲಸ ಮಾಡಿದವರೂ ಇಲ್ಲೇ ಕೂತು ಅಲ್ಲಿನ ಟೀಮಿನ ಜೊತೆ ಕೆಲಸ ಮಾಡುವವರೂ ಅದನ್ನು ನೋಡಿರುತ್ತೀರಿ. ಎಡಕ್ಕೆ 32 ಹೆಸರು, ಬಲಕ್ಕೆ 32 ಹೆಸರು. ಗೆರೆಗಳು ಕೂಡುತ್ತಾ ಕೂಡುತ್ತಾ ನಡುವಿಗೆ ಬಂದು ಒಂದೇ ಹೆಸರಿಗೆ ನಿಲ್ಲುತ್ತವೆ. ಅದೇ ಎನ್‌ಸಿಎಎ, ಅಂದರೆ ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ, ನಡೆಸುವ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಬ್ರಾಕೆಟ್. ಈ ಟೂರ್ನಿಗೇ ಮಾರ್ಚ್ ಮ್ಯಾಡ್ನೆಸ್ ಅನ್ನುವುದು. ಪ್ರತಿ ಹೆಸರಿನ ಪಕ್ಕ 1ರಿಂದ 16ರೊಳಗಿನ ಒಂದು ಶ್ರೇಯಾಂಕ ಇರುತ್ತದೆ. ಹೊಸಬರು ಅದನ್ನು ತಂಡದ ಯೋಗ್ಯತೆ ಅಂತ ಓದಿ, ಚಿಕ್ಕ ಅಂಕಿಯ ತಂಡಕ್ಕೆಲ್ಲ ಟಿಕ್ ಹಾಕಿ ಮುಗಿಸುತ್ತಾರೆ. ಆದರೆ ಅದರೊಳಗೆ ಯೋಗ್ಯತೆಯ ಜೊತೆಗೆ ಪ್ರಯಾಣದ ದೂರ, ವಾರದ ದಿನ, ಕಾನ್ಫರೆನ್ಸ್‌ನ ಲೆಕ್ಕ, ಕೊನೆಗೆ ಒಂದು ಚರ್ಚ್‌ನ ನಿಯಮ ಕೂಡ ಬೆರೆತಿದೆ. ಅವನ್ನು ಬಿಡಿಸಿ ನೋಡುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ.

ಮೊದಲು ಚೌಕಟ್ಟು. ಟೂರ್ನಿ ಶುರುವಾದದ್ದು 1939ರಲ್ಲಿ, ಬರೀ 8 ತಂಡಗಳೊಂದಿಗೆ. ಫೈನಲ್‌ನಲ್ಲಿ ಒರೆಗಾನ್ ತಂಡ ಒಹಾಯೊ ಸ್ಟೇಟ್ ತಂಡವನ್ನು 46-33ರಿಂದ ಸೋಲಿಸಿತು. 1951ರಲ್ಲಿ 16 ತಂಡಗಳಾದವು, 1975ರಲ್ಲಿ 32, 1985ರಲ್ಲಿ 64, 2011ರಲ್ಲಿ 68. ಇವುಗಳಲ್ಲಿ ಮುಖ್ಯವಾದದ್ದು 1975ರ ಬದಲಾವಣೆ. ಅಲ್ಲಿಯವರೆಗೆ ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡಕ್ಕೆ ಪ್ರವೇಶವಿತ್ತು. ಎರಡನೇ ಸ್ಥಾನದ ತಂಡ ಎಷ್ಟೇ ಬಲವಾಗಿದ್ದರೂ ಮನೆಗೆ. ಕಾನ್ಫರೆನ್ಸ್ ಅಂದರೆ ತಮ್ಮ ತಮ್ಮಲ್ಲೇ ಲೀಗ್ ಆಡುವ ಹತ್ತು-ಹದಿನೈದು ವಿಶ್ವವಿದ್ಯಾಲಯಗಳ ಗುಂಪು. ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ ಸುಮಾರು 360 ತಂಡಗಳಿವೆ, ಅವೆಲ್ಲ ಮೂವತ್ತಕ್ಕೂ ಹೆಚ್ಚು ಕಾನ್ಫರೆನ್ಸ್‌ಗಳಲ್ಲಿ ಹಂಚಿಹೋಗಿವೆ.

ಇದು ನಾಕೌಟ್. ಐಪಿಎಲ್‌ನಲ್ಲಿ ಮೊದಲ ಕ್ವಾಲಿಫೈಯರ್ ಸೋತ ತಂಡಕ್ಕೆ ಇನ್ನೊಂದು ಅವಕಾಶ ಸಿಗುತ್ತದಲ್ಲ, ಎನ್‌ಬಿಎಯಲ್ಲಿ ಏಳು ಪಂದ್ಯಗಳ ಸರಣಿ ಇರುತ್ತದಲ್ಲ, ಆ ಸೌಕರ್ಯ ಇಲ್ಲಿಲ್ಲ. 20 ನಿಮಿಷದ ಎರಡು ಅವಧಿ, ಒಟ್ಟು 40 ನಿಮಿಷ. ಸೋತರೆ ಆ ವರ್ಷ ಮುಗಿಯಿತು.

68 ತಂಡಗಳು ಬರುವುದು ಎರಡು ಬಾಗಿಲಿನಿಂದ. 2025ರ ಲೆಕ್ಕದಲ್ಲಿ 31 ತಂಡಗಳಿಗೆ ನೇರ ಪ್ರವೇಶ, 37 ತಂಡಗಳಿಗೆ ಆಯ್ಕೆ ಸಮಿತಿಯ ಕೃಪೆ. ನೇರ ಪ್ರವೇಶ ಸಿಗುವುದು ಕಾನ್ಫರೆನ್ಸ್‌ನ ಕೊನೆಯ ಟೂರ್ನಿ ಗೆದ್ದವರಿಗೆ. ನಾಲ್ಕು ತಿಂಗಳು ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ಸಣ್ಣ ಕಾನ್ಫರೆನ್ಸ್‌ನ ತಂಡವೊಂದು ಆ ಮೂರು ದಿನದಲ್ಲಿ ಒಮ್ಮೆ ಎಡವಿದರೆ, ಜಾಗ ಕೈತಪ್ಪುತ್ತದೆ. ನಮ್ಮ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ವಲಯ ಮಟ್ಟದಲ್ಲಿ ಆಡಿ, ಅಲ್ಲಿಂದ ಅಖಿಲ ಭಾರತ ಮಟ್ಟಕ್ಕೆ ಹೋಗುವ ಕ್ರಮದ್ದು. ಅಲ್ಲಿ ಕೋಣೆಯಲ್ಲಿ ಕೂತು ತಂಡ ಆರಿಸುವವರಿಲ್ಲ. ಅಮೆರಿಕದಲ್ಲಿ ಎರಡೂ ಪದ್ಧತಿ ಒಟ್ಟಿಗೆ ನಡೆಯುತ್ತವೆ. ತಲೆನೋವು ಹುಟ್ಟುವುದೂ ಅಲ್ಲೇ.

2024ರ ನಾರ್ತ್ ಕೆರೊಲೈನಾ ಸ್ಟೇಟ್ ತಂಡವನ್ನೇ ನೋಡಿ. ತಮ್ಮ ಕಾನ್ಫರೆನ್ಸ್ ಆದ ಎಸಿಸಿಯ ಟೂರ್ನಿಗೆ ಬಂದಾಗ ಅವರ ಲೆಕ್ಕ 17 ಗೆಲುವು, 14 ಸೋಲು. ಸಮಿತಿ ಕಣ್ಣೆತ್ತಿಯೂ ನೋಡುವ ಲೆಕ್ಕವಲ್ಲ ಅದು. ಐದು ದಿನದಲ್ಲಿ ಐದು ಪಂದ್ಯ ಗೆದ್ದರೆ ಮಾತ್ರ ದಾರಿ. ಸೆಮಿಫೈನಲ್‌ನಲ್ಲಿ ವರ್ಜೀನಿಯಾ ಎದುರು ಕೆಲವೇ ಸೆಕೆಂಡು ಉಳಿದಿದ್ದಾಗ 3 ಪಾಯಿಂಟ್ ಹಿಂದಿದ್ದರು. ವರ್ಜೀನಿಯಾ ಆಟಗಾರನಿಗೆ ‘ಒನ್ ಆಂಡ್ ಒನ್’ ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ಅಡ್ಡ ಬಾರದ ಎಸೆತ) ಸಿಕ್ಕಿತ್ತು: ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು. ಅವನು ಮೊದಲನೆಯದನ್ನೇ ತಪ್ಪಿಸಿದ. ಇತ್ತ ಮೈಕಲ್ ಒ'ಕಾನೆಲ್ ಎಸೆದ ತ್ರೀ ಪಾಯಿಂಟರ್ ಬೋರ್ಡಿಗೆ ಬಡಿದು ಬಜರ್ ಹೊತ್ತಿಗೆ ಒಳಗೆ ಬಿತ್ತು. ಹೆಚ್ಚುವರಿ ಅವಧಿಯಲ್ಲಿ ಗೆದ್ದರು, ಮರುದಿನ ಟೂರ್ನಿ ಗೆದ್ದರು, 11ನೇ ಶ್ರೇಯಾಂಕದೊಂದಿಗೆ ಬ್ರಾಕೆಟ್‌ಗೆ ಬಂದು ಸೆಮಿಫೈನಲ್, ಅಂದರೆ ಫೈನಲ್ ಫೋರ್‌ವರೆಗೆ ನಡೆದರು.

ಹೀಗೆ ಲೆಕ್ಕದಲ್ಲೇ ಇಲ್ಲದ ತಂಡ ಒಳಗೆ ನುಗ್ಗಿದರೆ, ಸಮಿತಿಯ ಪಟ್ಟಿಯ ಬಾಲದಲ್ಲಿದ್ದ ಯಾವುದೋ ತಂಡ ಹೊರಗೆ ಬೀಳುತ್ತದೆ. ಅಲ್ಲಿನವರು ಇಂಥ ತಂಡವನ್ನು ‘ಬಿಡ್ ಥೀಫ್’ ಅನ್ನುತ್ತಾರೆ. 2024ರಲ್ಲಿ ಇಂಥವು ಐದು ಬಂದವು. ಅಂಚಿನಲ್ಲಿರುವ ತಂಡದ ಕೋಚ್‌ಗಳು ಆ ವಾರ ಸಂಬಂಧವೇ ಇಲ್ಲದ ಊರಿನ ಫೈನಲ್‌ಗಳನ್ನು ಟಿವಿಯಲ್ಲಿ ನೋಡುತ್ತಾ ಬಲಾಢ್ಯ ತಂಡ ಗೆಲ್ಲಲಿ ಅಂತ ಹಾರೈಸುವುದು ಇದಕ್ಕೇ.

ಈಗ ಎರಡನೇ ಬಾಗಿಲು. ಸಮಿತಿಯಲ್ಲಿ 12 ಜನ, ಎಲ್ಲರೂ ವಿಶ್ವವಿದ್ಯಾಲಯಗಳ ಕ್ರೀಡಾ ನಿರ್ದೇಶಕರು ಅಥವಾ ಕಾನ್ಫರೆನ್ಸ್‌ಗಳ ಕಮಿಷನರ್‌ಗಳು. ತಮ್ಮ ಸಂಸ್ಥೆಯ ಚರ್ಚೆ ಬಂದಾಗ ಆ ಸದಸ್ಯ ಕೋಣೆಯಿಂದ ಹೊರಗೆ ಹೋಗಬೇಕು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ‘ಇವು ಖಂಡಿತ ಒಳಗೆ’ ಅನ್ನುವ ಪಟ್ಟಿ ಕೊಡುತ್ತಾರೆ. ಹೆಚ್ಚುಕಡಿಮೆ ಎಲ್ಲರ ಪಟ್ಟಿಯಲ್ಲೂ ಇರುವ ತಂಡ ನೇರ ಒಳಗೆ. ಉಳಿದವುಗಳಲ್ಲಿ ಎಂಟನ್ನು ಮತದಿಂದ ಮುಂದೆ ತಂದು, ಆ ಎಂಟಕ್ಕೂ ಕ್ರಮಾಂಕ ಕೊಡುತ್ತಾರೆ. ಮೇಲಿನ ನಾಲ್ಕು ಒಳಗೆ. ಕೆಳಗಿನ ನಾಲ್ಕು ಹೊರಗೆ ಹೋಗುವುದಿಲ್ಲ, ಹಾಗೇ ಉಳಿದು ಮುಂದಿನ ಎಂಟರ ಗುಂಪಿಗೆ ಸೇರುತ್ತವೆ. ಜಾಗ ತುಂಬುವವರೆಗೆ ಹೀಗೇ ನಾಲ್ಕು ನಾಲ್ಕಾಗಿ. ಶ್ರೇಯಾಂಕದ ಪಟ್ಟಿ ಕಟ್ಟುವುದೂ ಇದೇ ವಿಧಾನದಲ್ಲಿ. ಆಮೇಲೆ ಪಕ್ಕಪಕ್ಕದ ಎರಡೆರಡು ತಂಡಗಳನ್ನು ಎದುರಾಬದುರು ಇಟ್ಟು ಪಟ್ಟಿಯನ್ನು ಮತ್ತೊಮ್ಮೆ ಉಜ್ಜಿ ನೋಡುತ್ತಾರೆ.

ಅವರ ಮುಂದಿರುವ ಮುಖ್ಯ ಕಾಗದ ‘ನೆಟ್’ ಅನ್ನುವ ಗಣಿತದ ಕ್ರಮಾಂಕ. 2018-19ರ ಸೀಸನ್‌ನಿಂದ ಬಳಕೆಯಲ್ಲಿದೆ. ಅದಕ್ಕೂ ಮುಂಚೆ ಆರ್‌ಪಿಐ ಅನ್ನುವ ಇನ್ನೊಂದು ಕ್ರಮಾಂಕ ಇತ್ತು. ತಂಡದ ಸ್ವಂತ ನೆಟ್ ಕ್ರಮಾಂಕಕ್ಕಿಂತ ಹೆಚ್ಚು ತೂಕ, ಅದು ಗೆದ್ದ ಎದುರಾಳಿಗಳ ನೆಟ್ ಕ್ರಮಾಂಕಕ್ಕೆ ಅನ್ನುವುದನ್ನು ಗಮನಿಸಿ. ಪ್ರತಿ ಪಂದ್ಯವನ್ನೂ ನಾಲ್ಕು ಕ್ವಾಡ್ರಂಟ್‌ಗಳಲ್ಲಿ ಒಂದಕ್ಕೆ ಹಾಕುತ್ತಾರೆ. ಮೊದಲ ಕ್ವಾಡ್ರಂಟ್ ಅಂದರೆ: ತವರಿನಲ್ಲಿ ಆಡಿದ್ದರೆ ಎದುರಾಳಿ 1ರಿಂದ 30ರೊಳಗಿರಬೇಕು, ತಟಸ್ಥ ಅಂಗಣದಲ್ಲಿ 50ರೊಳಗೆ, ಎದುರಾಳಿಯ ಊರಿಗೇ ಹೋಗಿ ಆಡಿದ್ದರೆ 75ರೊಳಗೆ. ಅಂದರೆ 70ನೇ ಸ್ಥಾನದ ತಂಡವನ್ನು ಅವರ ಊರಿನಲ್ಲಿ ಸೋಲಿಸುವುದೂ, 30ನೇ ಸ್ಥಾನದ ತಂಡವನ್ನು ನಿಮ್ಮ ಊರಿನಲ್ಲಿ ಸೋಲಿಸುವುದೂ ಒಂದೇ ಖಾನೆಗೆ ಬೀಳುತ್ತವೆ. ಸಣ್ಣ ಕಾನ್ಫರೆನ್ಸ್‌ನ ತಂಡಕ್ಕೆ ಪೆಟ್ಟು ಬೀಳುವುದು ಇಲ್ಲಿ. ದೊಡ್ಡ ತಂಡಗಳು ಇವರ ಊರಿಗೆ ಬಂದು ಆಡುವುದಿಲ್ಲ, ಕರೆದರೂ ಬರುವುದಿಲ್ಲ. ಹೀಗಾಗಿ ಇಡೀ ಸೀಸನ್‌ನಲ್ಲಿ ಇವರಿಗೆ ಮೊದಲ ಕ್ವಾಡ್ರಂಟ್ ಪಂದ್ಯ ಮೂರೋ ನಾಲ್ಕೋ ಸಿಗುತ್ತವೆ, ಅವೂ ಪರಊರಿನಲ್ಲಿ.

ಗಣಿತ ಇದ್ದರೂ ಕೊನೆಗೆ ಮತ ಹಾಕುವವರು ಮನುಷ್ಯರೇ. 2025ರಲ್ಲಿ ನಾರ್ತ್ ಕೆರೊಲೈನಾ ಮೊದಲ ಕ್ವಾಡ್ರಂಟ್‌ನಲ್ಲಿ 13 ಪಂದ್ಯ ಆಡಿ ಒಂದೇ ಒಂದನ್ನು ಗೆದ್ದಿತ್ತು. ಅದೇ ಕ್ವಾಡ್ರಂಟ್‌ನಲ್ಲಿ 6 ಗೆಲುವಿದ್ದ ವೆಸ್ಟ್ ವರ್ಜೀನಿಯಾ ಹೊರಗುಳಿಯಿತು, ನಾರ್ತ್ ಕೆರೊಲೈನಾ ಕೊನೆಯ ಜಾಗಗಳಲ್ಲೊಂದರಲ್ಲಿ ಒಳಗೆ ಬಂತು. ಆ ವರ್ಷದ ಸಮಿತಿ ಅಧ್ಯಕ್ಷರು ನಾರ್ತ್ ಕೆರೊಲೈನಾದ ಕ್ರೀಡಾ ನಿರ್ದೇಶಕರೇ. ಅವರು ನಿಯಮದಂತೆ ಹೊರಗೆ ಹೋಗಿದ್ದರು, ಆದರೂ ಗದ್ದಲ ಎದ್ದಿತು. ಆ ತಂಡ ಪ್ರಾಥಮಿಕ ಪಂದ್ಯದಲ್ಲಿ ಸ್ಯಾನ್ ಡಿಯಾಗೊ ಸ್ಟೇಟ್ ತಂಡವನ್ನು 95-68ರಿಂದ ಬಡಿದಾಗ ಸ್ವಲ್ಪ ತಣ್ಣಗಾಯಿತು. ನನ್ನ ಲೆಕ್ಕದಲ್ಲಿ ಆ ಗೆಲುವು ಆಯ್ಕೆ ಸರಿ ಅಂತ ತೋರಿಸುವುದಿಲ್ಲ. ಆಯ್ಕೆ ಮಾಡಬೇಕಾದದ್ದು ಅಲ್ಲಿಯವರೆಗೆ ಆಡಿದ್ದನ್ನು ನೋಡಿ.

ಆ ಪ್ರಾಥಮಿಕ ಪಂದ್ಯಗಳಿಗೆ ಫಸ್ಟ್ ಫೋರ್ ಅಂತ ಹೆಸರು. ಒಹಾಯೊದ ಡೇಟನ್ ಊರಿನಲ್ಲಿ ಮಂಗಳವಾರ, ಬುಧವಾರ ನಡೆಯುತ್ತವೆ. ನೇರ ಪ್ರವೇಶ ಪಡೆದವರಲ್ಲಿ ಕೊನೆಯ ನಾಲ್ವರು 16ನೇ ಶ್ರೇಯಾಂಕಕ್ಕಾಗಿ ಹೊಡೆದಾಡುತ್ತಾರೆ. ಸಮಿತಿ ಆರಿಸಿದ ಕೊನೆಯ ನಾಲ್ವರು ಸಾಮಾನ್ಯವಾಗಿ 11 ಅಥವಾ 12ನೇ ಶ್ರೇಯಾಂಕಕ್ಕಾಗಿ. ಇದನ್ನು ಶಿಕ್ಷೆ ಅಂದುಕೊಳ್ಳಬೇಡಿ. 2011ರಲ್ಲಿ ವಿಸಿಯು, 2021ರಲ್ಲಿ ಯುಸಿಎಲ್‌ಎ ಇಲ್ಲಿಂದ ಹೊರಟು ಫೈನಲ್ ಫೋರ್‌ವರೆಗೆ ಹೋದವು.

ಈಗ ನಿಜವಾದ ಕಸರತ್ತು: 1ರಿಂದ 68ರವರೆಗಿನ ಪಟ್ಟಿಯನ್ನು ನಾಲ್ಕು ವಲಯಗಳಿಗೆ ಹಂಚುವುದು. ಪ್ರತಿ ವಲಯಕ್ಕೂ 1ರಿಂದ 16ರವರೆಗಿನ ಶ್ರೇಯಾಂಕ. ಪಟ್ಟಿಯ ಕ್ರಮದಲ್ಲೇ ಒಂದೊಂದು ತಂಡವನ್ನು ತೆಗೆದುಕೊಂಡು, ಅದರ ಕ್ಯಾಂಪಸ್‌ಗೆ ಹತ್ತಿರವಾಗಿ ಇನ್ನೂ ಖಾಲಿ ಇರುವ ಜಾಗಕ್ಕೆ ಹಾಕುತ್ತಾರೆ. ಒಟ್ಟಾರೆ ಮೊದಲನೆಯ ತಂಡ ಇರುವ ವಲಯಕ್ಕೆ ಐದನೆಯ ತಂಡವನ್ನು ಹಾಕುವಂತಿಲ್ಲ. ಪ್ರತಿ ವಲಯದ ಮೊದಲ ನಾಲ್ಕು ತಂಡಗಳ ಒಟ್ಟಾರೆ ಕ್ರಮಾಂಕ ಕೂಡಿ ನೋಡುತ್ತಾರೆ. ಅತಿ ಬಲದ ವಲಯಕ್ಕೂ ಅತಿ ದುರ್ಬಲ ವಲಯಕ್ಕೂ ವ್ಯತ್ಯಾಸ 5ರ ಆಸುಪಾಸಿನಲ್ಲಿ ಇರಬೇಕು. ಒಂದೇ ಕಾನ್ಫರೆನ್ಸ್‌ನ ಎರಡು ತಂಡಗಳು ಆ ವರ್ಷ ಮೂರು ಸಲ ಆಡಿದ್ದರೆ ವಲಯದ ಫೈನಲ್‌ಗಿಂತ ಮೊದಲು ಸಿಗಬಾರದು, ಎರಡು ಸಲ ಆಡಿದ್ದರೆ ವಲಯದ ಸೆಮಿಫೈನಲ್‌ನಲ್ಲಿ ಸಿಗಬಹುದು, ಒಂದೇ ಸಲ ಆಡಿದ್ದರೆ ಎರಡನೇ ಸುತ್ತಿನಲ್ಲೇ ಸಿಗಬಹುದು. ಇಷ್ಟೆಲ್ಲ ಹೊಂದಿಸಲು ಆಗದಿದ್ದರೆ ತಂಡವನ್ನು ಅದರ ನಿಜವಾದ ಶ್ರೇಯಾಂಕದಿಂದ ಒಂದು ಸಾಲು ಮೇಲೆ ಅಥವಾ ಕೆಳಗೆ ಸರಿಸುತ್ತಾರೆ, ತೀರಾ ಇಕ್ಕಟ್ಟಾದರೆ ಎರಡು. ನಾನು ಮೊದಲಿಗೆ ಹೇಳಿದ ಅಂಕಿ ಬಗ್ಗುವುದು ಈ ಹಂತದಲ್ಲಿ. ನಿಮ್ಮ ಹಾಳೆಯಲ್ಲಿ 12 ಅಂತ ಕಾಣುವ ತಂಡ ಸಮಿತಿಯ ಪಟ್ಟಿಯಲ್ಲಿ 11ರ ಸಾಲಿನಲ್ಲಿ ಇದ್ದಿರಬಹುದು. ಬ್ರಾಕೆಟ್ ಹೊರಬಿದ್ದ ಮೇಲೆ ಎನ್‌ಸಿಎಎ ಆ 68ರ ಪಟ್ಟಿಯನ್ನೂ ಪ್ರಕಟಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

2025ರಲ್ಲಿ ಎಸ್‌ಇಸಿ ಅನ್ನುವ ಒಂದೇ ಕಾನ್ಫರೆನ್ಸ್‌ನಿಂದ 14 ತಂಡಗಳು ಬಂದವು, ಅದು ದಾಖಲೆ. 68ರಲ್ಲಿ 14 ತಂಡ ಒಂದೇ ಮನೆಯವರಾದರೆ ಈ ನಿಯಮಗಳ ಗಂಟು ಎಷ್ಟು ಬಿಗಿಯಾಗುತ್ತದೆ ಯೋಚಿಸಿ. ಕೆಂಟಕಿ ಮತ್ತು ಟೆನೆಸಿ ಲೀಗ್‌ನಲ್ಲಿ ಎರಡು ಸಲ ಆಡಿದ್ದವು, ಎರಡೂ ಸಲ ಕೆಂಟಕಿ ಗೆದ್ದಿತ್ತು. ನಿಯಮ ಬಿಟ್ಟುಕೊಡುವ ಅತಿ ಬೇಗದ ಹಂತದಲ್ಲೇ, ಅಂದರೆ ವಲಯದ ಸೆಮಿಫೈನಲ್‌ನಲ್ಲಿ ಮತ್ತೆ ಎದುರಾದವು. ಈ ಸಲ ಟೆನೆಸಿ 78-65ರಿಂದ ಗೆದ್ದಿತು.

ಮೊದಲೆರಡು ಸುತ್ತುಗಳು ಎಂಟು ಊರುಗಳಲ್ಲಿ ನಡೆಯುತ್ತವೆ. ನಾಲ್ಕು ಊರಲ್ಲಿ ಗುರುವಾರ ಮತ್ತು ಶನಿವಾರ, ನಾಲ್ಕು ಊರಲ್ಲಿ ಶುಕ್ರವಾರ ಮತ್ತು ಭಾನುವಾರ. ಪ್ರತಿ ಊರಿಗೂ ನಾಲ್ಕು ತಂಡಗಳ ಎರಡು ಗುಂಪು, ಇದಕ್ಕೆ ಪಾಡ್ ಅನ್ನುತ್ತಾರೆ. ಎರಡು ಪಾಡ್‌ಗಳು ಬೇರೆ ಬೇರೆ ವಲಯದವು ಆಗಿರಬಹುದು. 2025ರಲ್ಲಿ ಡೆನ್ವರ್‌ನಲ್ಲಿ ಪೂರ್ವ ವಲಯದ ಒಂದು ಪಾಡ್, ದಕ್ಷಿಣ ವಲಯದ ಒಂದು ಪಾಡ್ ಇತ್ತು. ‘ಪೂರ್ವ’ ಅಂತ ಬರೆದಿದ್ದರೆ ಪಂದ್ಯ ಪೂರ್ವ ಕರಾವಳಿಯಲ್ಲಿ ಅಂತ ಅಂದುಕೊಳ್ಳಬೇಡಿ. ಡೆನ್ವರ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ.

ಅಲ್ಲಿಗೆ ಬಂದ ತಂಡಗಳಲ್ಲಿ 6ನೇ ಶ್ರೇಯಾಂಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯವೂ ಒಂದು. ಅದು ಮಾರ್ಮನ್ ಚರ್ಚ್‌ನ ಸಂಸ್ಥೆ, ಭಾನುವಾರ ಆಡುವುದಿಲ್ಲ. ಹೀಗಾಗಿ ಸಮಿತಿ ಅದನ್ನು ಗುರುವಾರ-ಶನಿವಾರದ ಊರಿಗೆ, ಜೊತೆಗೆ ಮುಂದಿನ ವಾರವೂ ಗುರುವಾರ-ಶನಿವಾರ ಆಡುವ ವಲಯಕ್ಕೇ ಹಾಕಬೇಕು. ಆ ತಂಡದ ಊರು ಪ್ರೊವೊ ಕೂಡ ಪರ್ವತದ ಸೀಮೆಯೇ. ಎರಡನೇ ಸುತ್ತಿನಲ್ಲಿ 3ನೇ ಶ್ರೇಯಾಂಕದ ವಿಸ್ಕಾನ್ಸಿನ್ ತಂಡವನ್ನು 91-89ರಿಂದ ಸೋಲಿಸಿತು. ಎತ್ತರದಿಂದಲೇ ಗೆದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಮೇಲಿನ ಶ್ರೇಯಾಂಕದವರ ಎದುರಾಳಿಗೇ ಆ ಊರು ಹೆಚ್ಚು ಒಗ್ಗುವಂಥದ್ದಾದರೆ, 3 ಮತ್ತು 6ರ ನಡುವಿನ ಅಂತರ ಹಾಳೆಯಲ್ಲಿ ಕಾಣುವಷ್ಟು ಇರುವುದಿಲ್ಲ. ಅದೇ ವರ್ಷ ಕೆಂಟಕಿಯ ತವರೂರು ಲೆಕ್ಸಿಂಗ್‌ಟನ್‌ನಲ್ಲೇ ಪಂದ್ಯಗಳಿದ್ದವು, ಆದರೆ ತನ್ನದೇ ಅಂಗಣದಲ್ಲಿ ಆಡುವಂತಿಲ್ಲವಾದ್ದರಿಂದ ಕೆಂಟಕಿ ಮಿಲ್ವಾಕಿಗೆ ಹೋಯಿತು. ಡ್ಯೂಕ್‌ಗೆ ಮಾತ್ರ ತನ್ನ ಕ್ಯಾಂಪಸ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ರಾಲಿ ಸಿಕ್ಕಿತು. ರಾಲಿ ಅಂಗಣ ಡ್ಯೂಕ್‌ನದ್ದಲ್ಲವಲ್ಲ, ನಿಯಮ ಮುರಿದಂತಾಗಲಿಲ್ಲ.

ದುಡ್ಡಿನ ಮಾತು ಒಂದು ನಿಮಿಷ. ತಂಡವೊಂದು ಟೂರ್ನಿಯಲ್ಲಿ ಆಡುವ ಪ್ರತಿ ಪಂದ್ಯಕ್ಕೂ, ಫೈನಲ್ ಒಂದನ್ನು ಬಿಟ್ಟು, ಒಂದು ‘ಯೂನಿಟ್’ ಜಮೆಯಾಗುತ್ತದೆ. ಒಂದು ಯೂನಿಟ್ ಅಂದರೆ ಆರು ವರ್ಷಗಳಲ್ಲಿ ಹಂಚಿ ಬರುವ ಸುಮಾರು 20 ಲಕ್ಷ ಡಾಲರ್. ಹಣ ಹೋಗುವುದು ಕಾನ್ಫರೆನ್ಸ್‌ಗೆ. ಅಲ್ಲಿಂದ ಸದಸ್ಯ ವಿಶ್ವವಿದ್ಯಾಲಯಗಳಿಗೆ ಹಂಚಿಕೆ. ಸಣ್ಣ ಕಾನ್ಫರೆನ್ಸ್‌ಗೆ ಒಂದು ಅನಿರೀಕ್ಷಿತ ಗೆಲುವು ಆರು ವರ್ಷದ ಬಜೆಟ್‌ನ ಮಾತು.

ಆ ಅನಿರೀಕ್ಷಿತ ಗೆಲುವು ಬರುವುದು ಹೇಗೆ? 1985ರಿಂದ 2025ರವರೆಗೆ, 2020ರಲ್ಲಿ ಕೋವಿಡ್‌ನಿಂದ ರದ್ದಾದದ್ದನ್ನು ಬಿಟ್ಟು, 40 ಟೂರ್ನಿ ನಡೆದಿವೆ. ಅಂದರೆ 1ನೇ ಮತ್ತು 16ನೇ ಶ್ರೇಯಾಂಕದವರ ನಡುವೆ 160 ಪಂದ್ಯ. 16ನೆಯವರು ಗೆದ್ದದ್ದು ಎರಡೇ ಸಲ. 2ನೆಯವರನ್ನು 15ನೆಯವರು ಸೋಲಿಸಿದ್ದು 11 ಸಲ. 8 ಮತ್ತು 9ರ ನಡುವೆ ಹೆಚ್ಚುಕಡಿಮೆ ಸಮಸಮ. 5ನೆಯವರ ಎದುರು 12ನೆಯವರು ಮೂರಕ್ಕೊಂದಕ್ಕಿಂತ ತುಸು ಹೆಚ್ಚೇ ಗೆಲ್ಲುತ್ತಾರೆ. ಇದಕ್ಕೆ ಕಾರಣ ಶಾಪವೂ ಅಲ್ಲ, ಪವಾಡವೂ ಅಲ್ಲ. 12ರ ಸಾಲಿನಲ್ಲಿ ಕೂರುವುದು ಹೆಚ್ಚಾಗಿ ಮಧ್ಯಮ ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳು: ಗೆದ್ದು ಗೆದ್ದು ಅಭ್ಯಾಸವಾದವರು, ಆದರೆ ಮೊದಲ ಕ್ವಾಡ್ರಂಟ್ ಪಂದ್ಯ ಸಿಗದೆ ಕೆಳಗೆ ಬಿದ್ದವರು.

ಎರಡು ದೊಡ್ಡ ಉದಾಹರಣೆ ನೋಡಿ. 2018ರಲ್ಲಿ ವರ್ಜೀನಿಯಾ ಒಟ್ಟಾರೆ ನಂಬರ್ ಒಂದು ತಂಡ. ದೇಶದಲ್ಲೇ ಅತಿ ನಿಧಾನಗತಿಯ ಆಟ ಅವರದು. ಆಟ ನಿಧಾನವಾದಷ್ಟೂ ಎರಡೂ ತಂಡಕ್ಕೆ ಚೆಂಡು ಸಿಗುವ ಸರದಿ ಕಡಿಮೆ. ಸರದಿ ಕಡಿಮೆಯಾದಷ್ಟೂ ಅದೃಷ್ಟದ ಪಾಲು ಜಾಸ್ತಿ. ನೂರು ಸಲ ನಾಣ್ಯ ಚಿಮ್ಮಿದರೆ ಬರುವ ಫಲಕ್ಕೂ ಹತ್ತು ಸಲ ಚಿಮ್ಮಿದರೆ ಬರುವ ಫಲಕ್ಕೂ ಇರುವ ವ್ಯತ್ಯಾಸ ಇದು. ಮೇಲಾಗಿ ಅವರ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗಿದ್ದ. 16ನೇ ಶ್ರೇಯಾಂಕದ ಯುಎಂಬಿಸಿ ಎದುರು ಮೊದಲಾರ್ಧ 21-21. ಎರಡನೇ ಅರ್ಧದಲ್ಲಿ ಯುಎಂಬಿಸಿ 53 ಪಾಯಿಂಟ್ ಹೊಡೆದು 74-54ರಿಂದ ಗೆದ್ದಿತು. ತ್ರೀ ಪಾಯಿಂಟರ್ ನೋಡಿ: ಅವರು 24ರಲ್ಲಿ 12, ವರ್ಜೀನಿಯಾ 22ರಲ್ಲಿ 4. ನಿಧಾನವಾಗಿ ಆಡುವ ತಂಡ ಹಿಂದೆ ಬಿದ್ದರೆ ಬೇಗ ಎದ್ದು ಬರುವ ಸಾಧನ ಅದರ ಕೈಯಲ್ಲಿ ಇರುವುದಿಲ್ಲ. ಮುಂದಿನ ವರ್ಷ ಅದೇ ವರ್ಜೀನಿಯಾ ಕಪ್ ಗೆದ್ದಿತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ಎರಡನೆಯದು 2023, 1ನೇ ಶ್ರೇಯಾಂಕದ ಪರ್ಡ್ಯೂ ಎದುರು 16ನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್. ಈ ತಂಡ ತನ್ನ ಕಾನ್ಫರೆನ್ಸ್ ಟೂರ್ನಿ ಗೆದ್ದೇ ಇರಲಿಲ್ಲ. ಗೆದ್ದ ಮೆರಿಮ್ಯಾಕ್ ಕೆಳಗಿನ ಹಂತದಿಂದ ಡಿವಿಷನ್ ಒಂದಕ್ಕೆ ಬರುವ ಪರಿವರ್ತನೆಯ ಅವಧಿ ಇನ್ನೂ ಮುಗಿಸಿರದಿದ್ದರಿಂದ ಅರ್ಹತೆ ಇರಲಿಲ್ಲ, ಜಾಗ ಇವರಿಗೆ ಬಂತು. ಡಿವಿಷನ್ ಒಂದರಲ್ಲೇ ಅತಿ ಕುಳ್ಳ ತಂಡ. ಬುಧವಾರ ಡೇಟನ್‌ನಲ್ಲಿ ಗೆದ್ದು ಶುಕ್ರವಾರ ಕೊಲಂಬಸ್‌ನಲ್ಲಿ ಆಡಿದರು. ಎದುರಿಗೆ 7 ಅಡಿ 4 ಇಂಚಿನ ಝ್ಯಾಕ್ ಈಡಿ. ಇವರು ಅವನ ಮುಂದೊಬ್ಬ, ಹಿಂದೊಬ್ಬ ನಿಂತು ಚೆಂಡು ಅವನ ಕೈಸೇರದ ಹಾಗೆ ನೋಡಿಕೊಂಡರು, ಹೊರಗಿದ್ದ ಪರ್ಡ್ಯೂ ಆಟಗಾರರಿಗೆ ‘ಬೇಕಾದರೆ ನೀವು ಹೊಡೆಯಿರಿ’ ಅಂತ ಜಾಗ ಬಿಟ್ಟರು. ಪರ್ಡ್ಯೂ 26 ತ್ರೀ ಪಾಯಿಂಟರ್ ಎಸೆದು 5 ಹಾಕಿತು. ಅಂತಿಮ ಸ್ಕೋರ್ 63-58. ಬ್ರಾಕೆಟ್ ತುಂಬುವಾಗ ಮೇಲಿನ ಶ್ರೇಯಾಂಕದ ತಂಡ ಒಬ್ಬ ದೈತ್ಯನ ಸುತ್ತ ಕಟ್ಟಿದ್ದೋ, ಅವನಿಗೆ ಚೆಂಡು ತಲುಪಿಸುವ ಅನುಭವಿ ಗಾರ್ಡ್‌ಗಳು ಇದ್ದಾರೋ ನೋಡಿ.

ಫ್ರೀ ಥ್ರೋ ಶೇಕಡಾವಾರು ಅಂಕಿಯನ್ನು ಯಾರೂ ನೋಡುವುದಿಲ್ಲ, ನೀವು ನೋಡಿ. ಒಂದು ಅವಧಿಯಲ್ಲಿ ಎದುರಾಳಿಯ ಏಳನೇ ಫೌಲ್‌ನಿಂದ ಒನ್ ಆಂಡ್ ಒನ್, ಹತ್ತನೆಯದರಿಂದ ಎರಡು ಫ್ರೀ ಥ್ರೋ. ಹಿಂದಿರುವ ತಂಡ ಕೊನೆಯ ನಿಮಿಷದಲ್ಲಿ ಬೇಕೆಂದೇ ಫೌಲ್ ಮಾಡಿ ಗಡಿಯಾರ ನಿಲ್ಲಿಸುತ್ತದೆ. 2025ರ ಫೈನಲ್ ಫೋರ್‌ನಲ್ಲಿ ಹ್ಯೂಸ್ಟನ್ ಎದುರು ಡ್ಯೂಕ್ 67-66ರಿಂದ ಮುಂದಿತ್ತು, ಸುಮಾರು 20 ಸೆಕೆಂಡು ಉಳಿದಿತ್ತು. ಟೈರೀಸ್ ಪ್ರಾಕ್ಟರ್ ಒನ್ ಆಂಡ್ ಒನ್‌ನ ಮೊದಲನೆಯದನ್ನು ತಪ್ಪಿಸಿದ. ರಿಬೌಂಡ್‌ಗಾಗಿ ಎಳೆದಾಡುವಾಗ ಡ್ಯೂಕ್‌ನ ಕೂಪರ್ ಫ್ಲ್ಯಾಗ್ ಮೇಲೆ ಫೌಲ್ ಬಿತ್ತು. ಇನ್ನೊಂದು ಕಡೆ ಹ್ಯೂಸ್ಟನ್‌ನ ಜೆವಾನ್ ರಾಬರ್ಟ್ಸ್ ಎರಡೂ ಫ್ರೀ ಥ್ರೋ ಹಾಕಿದ. ಕೊನೆಗೆ ಹ್ಯೂಸ್ಟನ್ 70-67ರಿಂದ ಗೆದ್ದಿತು.

ಆ 2025ರ ಫೈನಲ್ ಫೋರ್‌ನಲ್ಲಿ ನಾಲ್ಕೂ 1ನೇ ಶ್ರೇಯಾಂಕದ ತಂಡಗಳೇ ಇದ್ದವು. ಅದಕ್ಕೂ ಮುಂಚೆ ಹಾಗಾಗಿದ್ದು 2008ರಲ್ಲಿ ಒಮ್ಮೆ ಮಾತ್ರ. ಕೊನೆಯ ಹದಿನಾರರಲ್ಲಿ ಒಂದೂ ಸಣ್ಣ ಕಾನ್ಫರೆನ್ಸ್‌ನ ತಂಡ ಇರಲಿಲ್ಲ. 2021ರಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ಹಣ ಗಳಿಸಬಹುದು; 2024ರಿಂದ ಪ್ರತಿ ವರ್ಷವೂ ಒಂದು ಸೀಸನ್ ಕೂರದೆ ತಂಡ ಬದಲಿಸಬಹುದು. ಸಣ್ಣ ಕಾಲೇಜು ಮೂರು ವರ್ಷ ತಿದ್ದಿ ತೀಡಿದ ಹುಡುಗ ನಾಲ್ಕನೇ ವರ್ಷ ದೊಡ್ಡವರ ಜೆರ್ಸಿಯಲ್ಲಿರುತ್ತಾನೆ. ಹಿಂದಿನ ನಲವತ್ತು ವರ್ಷದ ಸರಾಸರಿಯನ್ನು ಕಣ್ಣುಮುಚ್ಚಿ ನಂಬಬೇಡಿ ಅನ್ನುವುದಕ್ಕೆ ಇದೇ ಕಾರಣ.

ಮಹಿಳೆಯರ ಟೂರ್ನಿಯಲ್ಲಿ ಒಂದು ಲೆಕ್ಕ ಪೂರ್ತಿ ಬೇರೆ. ಅಲ್ಲಿ ಮೊದಲ ನಾಲ್ಕು ಶ್ರೇಯಾಂಕದ 16 ತಂಡಗಳು ಮೊದಲೆರಡು ಸುತ್ತನ್ನು ತಮ್ಮ ಕ್ಯಾಂಪಸ್‌ನಲ್ಲೇ ಆಡುತ್ತವೆ. ಆದ್ದರಿಂದ 4 ಮತ್ತು 5ರ ನಡುವಿನ ಅಂತರ ಅಲ್ಲಿ ಬಲು ದುಬಾರಿ. ಆಟವೂ 10 ನಿಮಿಷದ ನಾಲ್ಕು ಕ್ವಾರ್ಟರ್. ಒನ್ ಆಂಡ್ ಒನ್ ಇಲ್ಲವೇ ಇಲ್ಲ, ಕ್ವಾರ್ಟರ್‌ನ ಐದನೇ ಫೌಲ್‌ನಿಂದ ನೇರ ಎರಡು ಫ್ರೀ ಥ್ರೋ. 2024ರಲ್ಲಿ ಸೌತ್ ಕೆರೊಲೈನಾ-ಅಯೋವಾ ಫೈನಲ್‌ಗೆ ಪುರುಷರ ಫೈನಲ್‌ಗಿಂತ ಹೆಚ್ಚು ಟಿವಿ ವೀಕ್ಷಕರಿದ್ದರು.

ಕೊನೆಯದಾಗಿ ಹಾಳೆ ತುಂಬುವ ಮಾತು. ಫಸ್ಟ್ ಫೋರ್ ಬಿಟ್ಟರೆ 63 ಪಂದ್ಯ. ನಾಣ್ಯ ಚಿಮ್ಮಿ ತುಂಬಿದರೆ ಎಲ್ಲವೂ ಸರಿಯಾಗುವ ಸಾಧ್ಯತೆ 9,223,372,036,854,775,808ರಲ್ಲಿ ಒಂದು. ಹಾಗಾಗಿ ಪೂರ್ತಿ ಸರಿ ತುಂಬುವ ಆಸೆ ಬಿಟ್ಟು ಪೂಲ್‌ನ, ಅಂದರೆ ಯಾರ ಹಾಳೆ ಹೆಚ್ಚು ಸರಿ ಅಂತ ಆಫೀಸಿನವರು ನಡೆಸುವ ಸ್ಪರ್ಧೆಯ, ಅಂಕ ಪದ್ಧತಿ ನೋಡಿ. ಸಾಮಾನ್ಯವಾಗಿ ಸುತ್ತಿನಿಂದ ಸುತ್ತಿಗೆ 1, 2, 4, 8, 16, 32 ಅಂತ ಇಮ್ಮಡಿಯಾಗುತ್ತದೆ. ಒಟ್ಟು 192 ಅಂಕ. ಚಾಂಪಿಯನ್ ಒಬ್ಬರನ್ನೇ ಸರಿಯಾಗಿ ಆರಿಸಿದರೆ ಅದರಲ್ಲಿ 63 ನಿಮ್ಮದು. ಮೊದಲ ಸುತ್ತಿನಲ್ಲಿ ಒಂದು ಅಚ್ಚರಿ ಫಲಿತಾಂಶ ಸರಿಯಾಗಿ ಊಹಿಸಿದರೆ ಸಿಗುವುದು ಬರೀ 1. ಆದ್ದರಿಂದ ಹೊತ್ತು ಕಳೆಯಬೇಕಾದದ್ದು ಕೊನೆಯ ನಾಲ್ಕರ ಮೇಲೆ. ಹತ್ತು-ಹದಿನೈದು ಜನರ ಪೂಲ್ ಆದರೆ ಅತ್ಯಂತ ಬಲವಾದ ತಂಡವನ್ನೇ ಚಾಂಪಿಯನ್ ಮಾಡಿ. ನೂರಾರು ಜನರದ್ದಾದರೆ ಅದೇ ಹೆಸರನ್ನು ಎಷ್ಟೋ ಜನ ಬರೆದಿರುತ್ತಾರೆ, ಗೆದ್ದರೂ ನಿಮಗೆ ಮುನ್ನಡೆ ಸಿಗುವುದಿಲ್ಲ. ಆಗ 1 ಅಥವಾ 2ನೇ ಶ್ರೇಯಾಂಕದಲ್ಲೇ ಕಡಿಮೆ ಜನ ಆರಿಸಿರುವ ತಂಡವನ್ನು ಹುಡುಕಿ.

ಬೆಂಗಳೂರಿನಿಂದ ನೋಡುವವರಿಗೆ ಸಮಯ: ಅಷ್ಟರಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ, ಪೂರ್ವ ಕರಾವಳಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಗುರುವಾರದ ಮೊದಲ ಪಂದ್ಯ ನಮಗೆ ರಾತ್ರಿ 9.45ರ ಸುಮಾರಿಗೆ, ಕೊನೆಯ ಪಂದ್ಯ ಶುಕ್ರವಾರ ಬೆಳಿಗ್ಗೆ 7.30ರ ಹೊತ್ತಿಗೆ ಶುರು. ಫೈನಲ್ ಅಲ್ಲಿ ಸೋಮವಾರ ರಾತ್ರಿ, ಇಲ್ಲಿ ಮಂಗಳವಾರ ಬೆಳಿಗ್ಗೆ 6.20ರ ಸುಮಾರಿಗೆ. ಆಫೀಸಿಗೆ ಹೊರಡುವ ಮೊದಲೇ ಮುಗಿಯುತ್ತದೆ, ಹೆಚ್ಚುವರಿ ಅವಧಿಗೆ ಹೋಗದಿದ್ದರೆ.